ಹಗ್ಗ ಹಿಡಿದ ಅಕ್ಕ

ಕಣ್ಣು ಮುಚ್ಕೋ ಪುಟ್ಟಕ್ಕ, ಕಾಲು ಒದೀಬೇಡ. ಒಂದಾನೊಂದು ಕಾಲ ಅಂತ ಒಂದು ಇತ್ತಂತೆ, ಅದು ಎಷ್ಟು ಹಿಂದೆ ಅಂತ ನಾನು ತಿರುಗಿದ ಊರಲ್ಲೆಲ್ಲ ಕೇಳಿದ್ದೀನಿ, ಒಬ್ಬರೂ ನೆಟ್ಟಗೆ ಹೇಳಲಿಲ್ಲ, ಅದಕ್ಕೆ ನೀನೂ ಕೇಳಬೇಡ. ಆ ಕಾಲದಲ್ಲಿ ಒಂದು ಕಾಡು, ಕಾಡಿನ ನಡುವೆ ಒಂದು ಬಂಡೆ. ಬಂಡೆ ಅಂದರೆ ನಮ್ಮ ಹಿತ್ತಲಿನ ಬಟ್ಟೆ ಒಗೆಯೋ ಕಲ್ಲಲ್ಲ. ಬುಡದಲ್ಲಿ ನಿಂತು ತುದಿ ನೋಡೋಕೆ ಹೋದರೆ ತಲೆಯ ರುಮಾಲು ಹಿಂದಕ್ಕೆ ಬೀಳುತ್ತಂತೆ, ಅಷ್ಟು ಎತ್ತರ. ಅದರ ಹೊಟ್ಟೆಗೆ ಹೆಜ್ಜೇನು ಕಟ್ಟಿರೋದು. ಒಂದೊಂದು ಹುಟ್ಟು ಮೊರದಗಲ, ದೂರದಿಂದ ನೋಡಿದರೆ ಯಾರೋ ಕಲ್ಲಿಗೆ ಕರೀ ಮೊರ ನೇತುಹಾಕಿದ ಹಾಗೆ. ಬಂಡೆಯ ಬುಡದಲ್ಲಿ ಒಂದಷ್ಟು ಗುಡಿಸಲು, ಅದಕ್ಕೆ ಹಾಡಿ ಅಂತಾರೆ. ಹಾಡಿಯವರು ಬದುಕ್ತಿದ್ದಿದ್ದೇ ಆ ಜೇನಿನ ಮೇಲೆ.

ಜೇನು ಇಳಿಸೋದು ಹೇಗೆ ಗೊತ್ತಾ? ಒಬ್ಬ ಬಂಡೆಯ ನೆತ್ತಿಯಿಂದ ಬಳ್ಳಿ ಹಗ್ಗದಲ್ಲಿ ಕೆಳಗಿಳೀಬೇಕು, ಕೈಲಿ ಹಸಿಸೊಪ್ಪಿನ ಹೊಗೆ, ಸೊಂಟದಲ್ಲಿ ಕತ್ತಿ, ಬೆನ್ನಿಗೆ ಬುಟ್ಟಿ. ಇನ್ನೊಬ್ಬ ಮೇಲೆ ಕೂತು ಆ ಹಗ್ಗ ಹಿಡೀಬೇಕು. ನೆತ್ತಿಯ ಮೇಲೆ ಹೋರಿಯ ಕೊಂಬಿನ ಥರ ಒಂದು ಕಲ್ಲಿತ್ತಂತೆ, ಹಗ್ಗವನ್ನ ಅದಕ್ಕೆ ಒಂದು ಸುತ್ತು ಸುತ್ತಿ, ಎರಡೂ ಪಾದ ಒತ್ತಿ, ತುದಿ ಹಿಡಿದು ಕೂರೋದು. ಇಳಿಯೋನು ಹಗ್ಗದುದ್ದಕ್ಕೂ ಇರೋ ಕುಣಿಕೆಗಳಿಗೆ ಕಾಲು ಕೊಟ್ಟು ತಾನೇ ಇಳೀತಾನೆ, ತಾನೇ ಹತ್ತುತಾನೆ. ಮೇಲಿನವನ ಕೆಲಸ ಬಿಡದೆ ಹಿಡಿಯೋದು, ಹಿಡಿದುಕೊಂಡು ಹಾಡ್ತಾ ಇರೋದು. ಹೌದು ಕಣೇ, ಹಾಡೋದು. ಅಲ್ಲಿ ಕೂಗೋ ಹಾಗಿಲ್ಲ, ಹೆಸರು ಹಿಡಿದು ಕರೆಯೋ ಹಾಗಿಲ್ಲ, ಜೇನು ಕೇಳಿಸ್ಕೊಂಡು ಹೆಸರು ಗುರುತಿಟ್ಟುಕೊಳ್ಳುತ್ತೆ ಅಂತ ಅವರ ನಂಬಿಕೆ. ಅದಕ್ಕೆ ಮೇಲಿನವನು ರಾಗ ಎಳೆದು ಏನಾದರೊಂದು ಹಾಡ್ತಾನೆ, ಹಾಡು ಕೇಳ್ತಿರೋವರೆಗೂ ಕೆಳಗಿನವನಿಗೆ ಧೈರ್ಯ.

ಹಗ್ಗ ಹಿಡಿಯೋನು ಯಾರಾಗಿರಬೇಕು ಅನ್ನೋದಕ್ಕೆ ಅವರಲ್ಲಿ ಒಂದು ಕಟ್ಟಳೆ. ಇಳಿಯೋನ ಹೆಂಡತಿಯ ಅಣ್ಣನೋ ತಮ್ಮನೋ ಹಿಡೀಬೇಕು. ಸ್ವಂತ ಅಣ್ಣತಮ್ಮ ಯಾಕೆ ಆಗಲ್ಲ ಅಂತೀಯಾ? ಒಡಹುಟ್ಟಿದವನ ಕೈಗೆ ಕೊಟ್ಟರೆ, ಇವನೊಬ್ಬ ಇಲ್ಲದಿದ್ದರೆ ಅಪ್ಪನ ಗುಡಿಸಲು ಪೂರ್ತಿ ನಂದೇ ಅಲ್ವಾ ಅನ್ನೋ ಯೋಚನೆ ಬಂದೀತು. ಗೆಳೆಯನ ಕೈಗೆ ಕೊಟ್ಟರೆ, ಇವನ ಹೆಂಡತಿ ಎಷ್ಟು ಚೆಂದ ನಗ್ತಾಳೆ ಅನ್ನೋದು ಜ್ಞಾಪಕಕ್ಕೆ ಬಂದೀತು. ಅದೇ ಹೆಂಡತಿಯ ಒಡಹುಟ್ಟಿದವನಾದರೆ, ಹಗ್ಗ ಬಿಟ್ಟರೆ ತನ್ನ ಅಕ್ಕನ ಕೊರಳೇ ಬರಿದಾಗುತ್ತೆ, ಬಿಡೋದು ಹೇಗೆ? ಹಾಗೆ ಯೋಚನೆ ಮಾಡಿದ ಜನ ಅವರು. ನನಗಂತೂ ಅವರ ಲೆಕ್ಕಾಚಾರ ಕೇಳಿ ನಗು ಬಂತು, ಆಮೇಲೆ ನಗು ನಿಂತುಹೋಯ್ತು.

ಅದಕ್ಕೇ ಆ ಹಾಡಿಗೆ ಹೆಣ್ಣು ಕೇಳೋಕೆ ಬಂದವರು ಹೆಣ್ಣನ್ನ ನೋಡ್ತಾನೇ ಇರಲಿಲ್ಲವಂತೆ. ನಾನು ಕಂಡ ಊರುಗಳಲ್ಲಿ ಜಡೆ ಉದ್ದ ನೋಡ್ತಾರೆ, ಹಲ್ಲು ನೋಡ್ತಾರೆ, ಒಂದು ಕಡೆ ನಡೆಸಿ ನೋಡ್ತಾರೆ, ಎತ್ತು ಕೊಳ್ಳೋಕೆ ಬಂದವರ ಹಾಗೆ. ಇಲ್ಲಿ ಹುಡುಗಿಯ ಅಣ್ಣತಮ್ಮನ್ನ ಕರೆಸಿ, ಎಲ್ಲಿ ಅಂಗೈ ತೋರಿಸಪ್ಪ ಅಂತಿದ್ದರಂತೆ.

ಆ ಹಾಡೀಲಿ ಬೊಮ್ಮಿ ಅಂತ ಒಬ್ಬಳು. ಅವಳಿಗೊಬ್ಬ ತಮ್ಮ, ಜಡಿಯ. ಅವನನ್ನ ಹೆತ್ತ ವಾರಕ್ಕೇ ತಾಯಿ ತೀರಿಕೊಂಡಳು, ಅಪ್ಪ ಮೊದಲೇ ಇರಲಿಲ್ಲ. ಬೊಮ್ಮಿ ತಾನೇ ಇನ್ನೂ ಸೊಂಟದುದ್ದದ ಹುಡುಗಿ, ಮೇಕೆ ಹಾಲಲ್ಲಿ ಬಟ್ಟೆ ಅದ್ದಿ ಅದ್ದಿ ಅವನ ಬಾಯಿಗೆ ಹಿಂಡಿದಳಂತೆ, ಎತ್ತಿ ಆಡಿಸಿದಳಂತೆ, ತೊದಲೋಕೆ ಬಂದಾಗ ಅವನು ಮೊದಲು ಅಂದಿದ್ದೇ ಅಕ್ಕ. ಬೆಳೀತಾ ಬೆಳೀತಾ ಜಡಿಯನ ಅಂಗೈ ಆಮೆ ಬೆನ್ನಿನ ಹಾಗೆ ಗಟ್ಟಿಯಾಯ್ತು. ಕೆಂಚ ಅನ್ನೋನು ಹೆಣ್ಣು ಕೇಳೋಕೆ ಬಂದವನು ಆ ಅಂಗೈ ಒಂದು ಸಲ ಒತ್ತಿ ನೋಡಿ ಮದುವೆಗೆ ಒಪ್ಪಿಬಿಟ್ಟನಂತೆ. ಬೊಮ್ಮಿ ಇದನ್ನೇ ಇಟ್ಕೊಂಡು ದಿನಾ ಚುಚ್ಚೋಳು. ನೀನು ಮದುವೆ ಆಗಿದ್ದು ನನ್ನ ತಮ್ಮನ ಕೈನ, ನಾನು ಅದರ ಜೊತೆ ಬಂದ ಮಡಕೆ ಅನ್ನೋಳು. ಕೆಂಚ ನಗೋನು, ಮಡಕೆಗೆ ಬಾಯಿ ಸ್ವಲ್ಪ ದೊಡ್ಡದಾಯ್ತು ಅನ್ನೋನು. ಜಡಿಯನೂ ನಗೋನು. ಭಾವನೂ ಭಾವಮೈದನೂ ಒಂದೇ ತಟ್ಟೇಲಿ ಉಣ್ಣೋರಂತೆ.

ಏನಂದೆ? ಹಗ್ಗದ ತುದೀನ ಮರಕ್ಕೆ ಕಟ್ಟಿಬಿಟ್ಟರೆ ಆಗ್ತಿರಲಿಲ್ವಾ ಅಂದ್ಯಾ? ಜಾಣೆ ನೀನು. ಮರ ಇತ್ತು, ದೊಡ್ಡ ಮರವೇ ಇತ್ತು, ಕೈಗೆ ಸಿಗೋ ದೂರದಲ್ಲೇ. ಕಟ್ಟಬಾರದು ಅಂತ ಯಾರೂ ಕಾನೂನು ಮಾಡಿರಲಿಲ್ಲ. ಆದರೆ ಕಟ್ಟೋದು ಅಂದರೆ ಹೆಂಡತಿಯ ತಮ್ಮನ ಮುಖಕ್ಕೇ, ನಿನಗಿಂತ ಈ ಮರಾನೇ ನನಗೆ ನಂಬಿಕೆ ಅಂದ ಹಾಗೆ. ಅಷ್ಟು ದೊಡ್ಡ ಅವಮಾನ ಯಾರು ಮಾಡ್ತಾರೆ? ಹೀಗೆ ಮರ್ಯಾದೆ ಉಳಿಸೋಕೆ ಹೋಗಿ ಜೀವ ಕಳಕೊಂಡವರನ್ನ ನಾನು ಎಷ್ಟೋ ದೇಶದಲ್ಲಿ ಕಂಡಿದ್ದೀನಿ. ಹಾಡಿಯವರು ಈಗ ಮರಕ್ಕೂ ಕಟ್ತಾರಂತೆ. ಆಗ ಕಟ್ತಿರಲಿಲ್ಲ.

ಒಂದು ಜೇನುಕಾಲ. ಬೆಳಗಿನ ಮಂಜು ಇನ್ನೂ ಆರಿರಲಿಲ್ಲ, ಕೆಂಚ ಇಳಿದ, ಜಡಿಯ ಹಗ್ಗ ಹಿಡಿದು ಕೂತ. ಕೆಳಗೆ ಗುಡಿಸಲಲ್ಲಿ ಬೊಮ್ಮಿ ರಾಗಿ ಬೀಸ್ತಾ, ಬಂಡೆ ಮೇಲಿಂದ ಇಳಿದು ಬರೋ ತಮ್ಮನ ಹಾಡು ಕೇಳಿಸ್ಕೊಳ್ತಿದ್ದಳಂತೆ. ಆಮೇಲೆ ಗಾಳಿ ತಿರುಗಿತು. ಹೊಗೆ ಪಕ್ಕಕ್ಕೆ ಹೋಯ್ತು, ಜೇನು ಎದ್ದಿತು, ಎದ್ದಿದ್ದು ಕೆಂಚನ್ನ ಬಿಟ್ಟು ನೇರ ಮೇಲಕ್ಕೆ ಹೋಯ್ತು. ಬೊಮ್ಮಿಗೆ ಮೊದಲು ಗೊತ್ತಾಗಿದ್ದು ಹಾಡು ನಿಂತಿದ್ದು. ಬೀಸೋ ಕಲ್ಲಿನ ಗೂಟ ಕೈಯಲ್ಲೇ ಇತ್ತು. ಆಮೇಲೆ ಒಂದು ಸದ್ದು. ಆ ಸದ್ದು ಹೇಗಿತ್ತು ಅಂತ ನಾನು ಹೇಳೋದಿಲ್ಲ, ನೀನು ಮಲಗಬೇಕು.

ಜಡಿಯನ್ನ ಮೇಲಿಂದ ನಡೆಸಿಕೊಂಡು ಬಂದರು. ಮುಖವೆಲ್ಲ ಊದಿ, ಕಣ್ಣು ಎಲ್ಲಿದೆ ಅಂತ ಹುಡುಕಬೇಕು ಹಾಗಾಗಿತ್ತಂತೆ. ಹಾಡಿಯ ಯಜಮಾನ ಕೇತಜ್ಜ ಅಂತ ಒಬ್ಬ ಮುದುಕ, ಅವನು ಜಡಿಯನ ಎರಡೂ ಅಂಗೈ ಬಿಡಿಸಿ ನೋಡಿದ. ಹಗ್ಗ ಕೈಯಿಂದ ಕಿತ್ಕೊಂಡು ಹೋಗಿದ್ದರೆ ಅಂಗೈ ಸುಲಿದು ರಕ್ತ ಆಗಿರಬೇಕಿತ್ತು. ಒಂದು ಗೀರೂ ಇರಲಿಲ್ಲ. ಕೇತಜ್ಜ ನೋಡಿದ, ಹಾಡಿಯವರೆಲ್ಲ ನೋಡಿದರು, ಬೊಮ್ಮಿಯೂ ನೋಡಿದಳು. ಬಿಟ್ಟೆಯೇನೋ ಅಂತ ಕೇಳಿದಳಂತೆ. ಬಿಟ್ಟೆ ಅಕ್ಕ ಅಂದನಂತೆ. ಜೇನು ಮುತ್ತಿತು, ತಡೆಯೋಕಾಗಲಿಲ್ಲ ಅಂತ ಒಂದು ಮಾತು ಸೇರಿಸಬಹುದಿತ್ತು. ಸೇರಿಸಲಿಲ್ಲ.

ಇಂಥದಕ್ಕೆ ಅವರಲ್ಲಿ ಹಗ್ಗದ ನ್ಯಾಯ ಅಂತ ಒಂದಿತ್ತು. ಬಿಟ್ಟವನು ಹಳ್ಳದ ಆಚೆ ಒಬ್ಬನೇ ಇರಬೇಕು, ಅವನಿಗೆ ಯಾರೂ ಬೆಂಕಿ ಕೊಡಬಾರದು, ಅವನು ಊರು ಬಿಟ್ಟು ಓಡಬಾರದು. ಗಂಡನ್ನ ಕಳಕೊಂಡವಳು ಯಾವಾಗ ಬೇಕಾದರೂ, ಆದರೆ ಒಂದೇ ಒಂದು ಸಲ, ಅವನನ್ನ ಅದೇ ಬಂಡೆಗೆ ಇಳಿಸಬಹುದು. ಹಗ್ಗ ಅವಳ ಕೈಲಿರುತ್ತೆ. ಮೇಲೆ ಬೇರೆ ಯಾರೂ ಇರಬಾರದು. ಏನಾಯ್ತು ಅಂತ ಆಮೇಲೆ ಯಾರೂ ಅವಳನ್ನ ಕೇಳಬಾರದು. ಅರ್ಥ ಆಯ್ತಾ? ಆಯ್ತು ಅನ್ನಬೇಡ, ಆಗದಿದ್ದರೇ ಒಳ್ಳೇದು.

ಬೊಮ್ಮಿ ಅಳಲಿಲ್ಲವಂತೆ. ಹೆಂಗಸರು ಬಂದು ಅವಳನ್ನ ತಬ್ಬಿ, ಅತ್ತುಬಿಡೇ ಅತ್ತುಬಿಡೇ ಅಂದರು. ನನಗೆ ಕೆಲಸ ಇದೆ ಅಂದಳಂತೆ. ಕೆಂಚ ಬಿದ್ದ ಜಾಗಕ್ಕೂ ಒಂದು ಸಲ ಹೋಗಲಿಲ್ಲ. ಅವಳ ಹೊಟ್ಟೆಯೊಳಗೆ ಒಂದೇ ಒಂದು ಮಾತು ಕೂತುಬಿಟ್ಟಿತು, ನಾನು ಎತ್ತಿ ಬೆಳೆಸಿದ ಕೈ ನನ್ನ ಗಂಡನ್ನ ಬಿಟ್ಟಿತು, ಆ ಕೈಯವನನ್ನ ನಾನು ಬಿಡ್ತೀನಿ.

ಆಮೇಲೆ ಒಂದು ಜೇನುಕಾಲ ಬಂತು. ಬೊಮ್ಮಿ ಹೊಸ ಬಳ್ಳಿ ತಂದು ಹಗ್ಗ ಹೊಸೆದು ಹೆಗಲಿಗೆ ಹಾಕ್ಕೊಂಡು ಹಳ್ಳ ದಾಟಿ ತಮ್ಮನ್ನ ಕರೆಯೋಕೆ ಹೋದಳಂತೆ. ಹೋಗಿ ನೋಡಿದರೆ ಜಡಿಯ ಬೆಂಕಿಯಿಲ್ಲದ ಗುಡಿಸಲಲ್ಲಿ ಜ್ವರದಿಂದ ನಡುಗ್ತಾ ಬಿದ್ದಿದ್ದಾನೆ, ಮೈ ಮುಟ್ಟಿದರೆ ಬಾಣಲೆ. ಬೊಮ್ಮಿ ನಿಂತು ನೋಡಿದಳು. ಇವನು ಹೀಗೇ ಸತ್ತರೆ ಜ್ವರಕ್ಕೆ ಸತ್ತ ಹಾಗಾಯ್ತು, ನನ್ನ ಕೈಗೆ ಸಿಕ್ಕ ಹಾಗಾಗಲಿಲ್ಲವಲ್ಲ ಅಂತ ಅವಳಿಗೆ ಎಲ್ಲಿಲ್ಲದ ಕೋಪ ಬಂತಂತೆ. ಹಗ್ಗ ಇಳಿಸಿಟ್ಟು, ಕಟ್ಟಳೆ ಮುರಿದು ಬೆಂಕಿ ತಂದು, ಗಂಜಿ ಬೇಯಿಸಿ, ನೆಲಬೇವು ಕುದಿಸಿ, ಕುಡಿ ಅಂದಳು. ಯಾಕಕ್ಕ ಅಂದ. ಗಟ್ಟಿಯಾಗು, ಆಮೇಲೆ ಕರೀತೀನಿ ಅಂದಳು. ಹೂಂ ಅಂದು ಕುಡಿದನಂತೆ. ಅವನು ಎದ್ದು ಕೂರೋವರೆಗೂ ದಿನಾ ಹೋದಳು. ಹಾಡಿಯ ಹೆಂಗಸರು ಸುಮ್ಮನಿರ್ತಾರಾ? ಏನೇ ಬೊಮ್ಮಿ, ಕೊಲ್ಲೋಕೆ ಹೋದೋಳು ಬಾಣಂತನ ಮಾಡ್ತಿದ್ದೀಯಾ ಅಂದರಂತೆ. ಹಬ್ಬದ ಕೋಳಿಗೆ ನೀವು ಕಾಳು ಹಾಕಲ್ವಾ ಅಂದಳಂತೆ ಬೊಮ್ಮಿ.

ಆಮೇಲೆ ಇನ್ನೊಂದು ಜೇನುಕಾಲ. ಮತ್ತೆ ಹಗ್ಗ ಹೊಸೆದಳು, ಮತ್ತೆ ಹಳ್ಳ ದಾಟಿದಳು. ಈ ಸಲ ಜಡಿಯ ಗಟ್ಟಿಯಾಗಿದ್ದ, ಗುಡಿಸಲ ಮುಂದೆ ಅವಳಿಗೋಸ್ಕರವೇ ಕಾದಿದ್ದ ಹಾಗೆ ನಿಂತಿದ್ದ. ಅವಳನ್ನ ಕಂಡದ್ದೇ, ಬಂದ್ಯಾ ಅಕ್ಕ, ನಡಿ ಅಂದ. ಮುಖದಲ್ಲಿ ಒಂದು ಚೂರು ಹೆದರಿಕೆ ಇಲ್ಲ. ಸಂತೆಗೆ ಹೊರಟವನಿಗೂ ಅದಕ್ಕಿಂತ ಹೆಚ್ಚು ಗಾಬರಿ ಇರುತ್ತೆ. ಬೊಮ್ಮಿ ಅರ್ಧ ದಾರಿಗೆ ನಿಂತಳಂತೆ. ಇವನಿಗೆ ಸಾಯೋದೇ ಬೇಕಾಗಿದೆ. ಬೇಕಾದ್ದನ್ನ ಕೊಟ್ಟರೆ ಅದು ಶಿಕ್ಷೆ ಹೇಗಾಗುತ್ತೆ? ನನ್ನ ಕೆಂಚನಿಗೆ ಬದುಕಬೇಕು ಅಂತ ಎಷ್ಟು ಆಸೆ ಇತ್ತು, ಸಂಜೆ ಮೀನು ಸುಡೋಣ ಅಂತ ಹೇಳಿ ಹೋಗಿದ್ದ. ಇವನಿಗೂ ಒಂದು ಸಂಜೆ ಇರಬೇಕು, ಆಗ ಬಿಡ್ತೀನಿ. ಹಾಗಂದ್ಕೊಂಡು ತಮ್ಮನ ಕಡೆ ತಿರುಗಿ, ಹೋಗೋ ಹೋಗು, ನಿನ್ನ ಮುಖಕ್ಕೆ ಬಂಡೆ ಹತ್ತೋ ಯೋಗ್ಯತೆನೂ ಇಲ್ಲ ಅಂತ ಬೈದು ವಾಪಸ್ಸು ಕಳಿಸಿದಳಂತೆ.

ಆಮೇಲೆ ಬೊಮ್ಮಿ ಏನು ಮಾಡಿದಳು ಗೊತ್ತಾ? ತಮ್ಮನಿಗೆ ಹೆಣ್ಣು ಹುಡುಕೋಕೆ ಹೊರಟಳು. ನಗಬೇಡ, ಕೋಪ ಬಂದೋರು ಎಂತೆಂಥ ಕೆಲಸ ಮಾಡ್ತಾರೆ ಅಂತ ನಿನಗಿನ್ನೂ ಗೊತ್ತಿಲ್ಲ. ಸುತ್ತಲ ಹಾಡಿಯವರು ಯಾರೂ ಹೆಣ್ಣು ಕೊಡಲ್ಲ, ಎಲ್ಲರಿಗೂ ವಿಷಯ ಗೊತ್ತು. ಅದಕ್ಕೆ ಮೂರು ಬೆಟ್ಟದ ಆಚೆ ಬುಟ್ಟಿ ಹೆಣೆಯೋರ ಊರಿಗೆ ಹೋದಳಂತೆ, ಅವರಿಗೆ ಜೇನೂ ಗೊತ್ತಿಲ್ಲ, ಹಗ್ಗದ ನ್ಯಾಯವೂ ಗೊತ್ತಿಲ್ಲ. ಅಲ್ಲಿ ಈರಿ ಅಂತ ಒಬ್ಬ ಹುಡುಗಿ. ಈರಿಯ ಅಪ್ಪ, ನಿನ್ನ ತಮ್ಮ ಎಂಥವನಮ್ಮ ಅಂತ ಕೇಳಿದ. ಬೊಮ್ಮಿ ಶುರು ಮಾಡಿದಳು. ಎದುರು ಮಾತಾಡಲ್ಲ, ಇನ್ನೊಬ್ಬರ ತಟ್ಟೆ ನೋಡಲ್ಲ, ನನಗೆ ಮೈ ಸರಿಯಿಲ್ಲದಾಗ ಹೊಳೆಯಿಂದ ನೀರು ತಂದು ತಲೆಗೆ ಹಾಕ್ತಿದ್ದ, ಮರಿ ಅಳಿಲು ಬಿದ್ದರೆ ಮರ ಹತ್ತಿ ಗೂಡಿಗೆ ಇಟ್ಟು ಬರ್ತಿದ್ದ, ಅಂತ ಹೇಳ್ತಾ ಹೋದಳು. ಸುಳ್ಳು ಹೇಳ್ತಿದ್ದೀನಿ ಅಂದ್ಕೊಂಡೇ ಹೇಳಿದಳಂತೆ. ಹೇಳಿ ಮುಗಿಸಿದ ಮೇಲೆ ನೋಡಿದರೆ ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಬೊಮ್ಮಿ, ಅವರು ಕೊಟ್ಟ ಮಜ್ಜಿಗೆ ಕುಡೀದೇ ಎದ್ದಳಂತೆ.

ಮದುವೆ ಆಯ್ತು. ಜಡಿಯ ಬೇಡ ಬೇಡ ಅಂದ, ಅಕ್ಕ ಗದರಿದಳು, ಮಾಡ್ಕೊಂಡ. ಒಬ್ಬನೇ ಇರಬೇಕು ಅನ್ನೋ ಕಟ್ಟಳೆ ಮುರಿದಿದ್ದು ನ್ಯಾಯ ಕೈಲಿದ್ದ ಬೊಮ್ಮಿಯೇ, ಹಾಡಿಯವರು ಏನನ್ನೋಕಾಗುತ್ತೆ? ಈರಿ ಬಾಯಿತುಂಬ ಮಾತಿನ ಹುಡುಗಿ. ಹಳ್ಳದ ಆಚೆಯ ಗುಡಿಸಲಿಗೆ ಬೆಂಕಿ ಬಂತು, ಬೇಲಿ ಬಂತು, ಬೇಲಿಗೆ ಅವರೆ ಬಳ್ಳಿ ಬಂತು. ಆಮೇಲೆ ಒಂದು ಹೆಣ್ಣು ಕೂಸೂ ಬಂತು. ಬೊಮ್ಮಿ ಅವಾಗವಾಗ ಹೋಗಿ ನೋಡ್ಕೊಂಡು ಬರೋಳು, ಬೆಳೆ ಬಲಿತಾ ಅಂತ ನೋಡೋಕೆ ಹೋಗ್ತಾರಲ್ಲ ಹಾಗೆ. ಒಂದು ದಿನ ಕೂಸು ತೆವಳ್ತಾ ಹೊಸಿಲು ದಾಟಿತು, ಜಡಿಯ ಅಯ್ಯೋ ಬೀಳುತ್ತೆ ಅಂತ ಎದ್ದುಬಿದ್ದು ಓಡಿ ಹೋಗಿ ಎತ್ತಿಕೊಂಡ. ಅವನ ಮುಖದಲ್ಲಿ ಹೆದರಿಕೆ ಕಂಡಳು ಬೊಮ್ಮಿ. ಮನೆಗೆ ಬಂದು ಬಳ್ಳಿ ನೆನೆಹಾಕಿದಳಂತೆ.

ಮೂರನೇ ಸಲ ಬೊಮ್ಮಿ ಹಗ್ಗ ಹೆಗಲಿಗೆ ಹಾಕ್ಕೊಂಡು ಹೋದಾಗ ಬೆಳಗಿನ ಬಿಸಿಲು ಆಗತಾನೇ ಬಿದ್ದಿತ್ತು. ಜಡಿಯ ಹಗ್ಗ ನೋಡಿದ, ಕೂಸಿನ ಕಡೆ ನೋಡಿದ, ಅವನ ತುಟಿಯೆಲ್ಲ ಬೆಳ್ಳಗಾಯ್ತು. ಅಕ್ಕ, ಈ ವರ್ಷ ಬೇಡ ಅಂದ. ಈ ವರ್ಷವೇ ಅಂದಳು. ಅವನು ಈರಿಗೆ ಏನೂ ಹೇಳಿರಲಿಲ್ಲ, ಹೇಳೋ ಧೈರ್ಯ ಇರಲಿಲ್ಲ. ಪಾಪ ಅವಳು ಒಲೆ ಮುಂದಿನಿಂದ ಎದ್ದು ಬಂದು, ಅಕ್ಕಯ್ಯ, ಜೇನಿಗೆ ಹೋಗ್ತಿದ್ದೀರಾ, ಬರೋದು ಹೊತ್ತಾಗುತ್ತಾ, ಮುದ್ದೆ ಮೂರು ಜನಕ್ಕೂ ಮಾಡಲಾ ಅಂತ ಕೇಳಿದಳಂತೆ. ಬೊಮ್ಮಿ ಅವಳ ಕೊರಳು ನೋಡಿದಳು, ಕರಿಮಣಿ ಇತ್ತು, ಇನ್ನೂ ಹೊಸದು. ಮಾಡು ಅಂದಳು. ಅಂದುಬಿಟ್ಟು ತಿರುಗಿ ನೋಡದೆ ನಡೆದಳು.

ಬಂಡೆ ನೆತ್ತಿಯಲ್ಲಿ ಅವರಿಬ್ಬರೇ. ಜಡಿಯ ಇಳಿಯೋ ಮುಂಚೆ ಅಕ್ಕನ ಕಾಲು ಮುಟ್ಟೋಕೆ ಬಗ್ಗಿದ, ಅವಳು ಕಾಲು ಎಳಕೊಂಡಳು. ಇಳಿದ. ಬೊಮ್ಮಿ ಆ ಕೊಂಬಿನ ಕಲ್ಲಿಗೆ ಸುತ್ತು ಹಾಕಿ, ಪಾದ ಒತ್ತಿ, ತುದಿ ಹಿಡಿದು ಕೂತಳು. ಹಾಡಬೇಕಿತ್ತು, ಹಾಡಲಿಲ್ಲ. ಹಾಡು ಕೇಳಿಸದೆ ಇದ್ದಾಗಲೇ ಕೆಳಗೆ ತಮ್ಮನಿಗೆ ಗೊತ್ತಾಯ್ತು, ಇಳಿಯೋದು ನಿಲ್ಲಿಸಿದ. ಅವನು ನಡುಗ್ತಿದ್ದ. ಆ ನಡುಕ ಹಗ್ಗದಲ್ಲಿ ಹತ್ತಿ ಅವಳ ಅಂಗೈಗೆ ಬಂತಂತೆ, ಹಿಡಿದ ಹಕ್ಕಿಯ ಎದೆ ಹೊಡಕೊಳ್ಳುತ್ತಲ್ಲ, ಹಾಗೆ. ಈಗ ಅಂದ್ಕೊಂಡಳು. ಆ ಮೋಡ ಬೆಟ್ಟ ದಾಟಲಿ, ಆಗ ಬಿಡ್ತೀನಿ ಅಂದ್ಕೊಂಡಳು. ಮೋಡ ದಾಟಿತು. ಆ ಹದ್ದು ಇನ್ನೊಂದು ಸುತ್ತು ಬರಲಿ ಅಂದ್ಕೊಂಡಳು. ಹದ್ದು ಸುತ್ತು ಬಂತು. ಎಷ್ಟು ಕಾಲದಿಂದ ಕಾದಿದ್ದ ಕೆಲಸ ಇದು, ಎರಡು ಕೈ ತೆಗೆದರೆ ಆಯ್ತು, ಅದು ಆಗ್ತಾ ಇಲ್ಲ.

ಅಷ್ಟು ಹೊತ್ತಿಗೆ ಗಾಳಿ ತಿರುಗಿತು. ಜೇನು ಎದ್ದಿತು. ಎದ್ದಿದ್ದು ಮೇಲಕ್ಕೆ ಬಂತು.

ಮೊದಲು ಕುತ್ತಿಗೆಗೆ ಚುಚ್ಚಿತು, ಆಮೇಲೆ ಕಿವಿಗೆ, ಆಮೇಲೆ ಒಂದು ಬಂದು ಕಣ್ಣಿನ ರೆಪ್ಪೆ ಮೇಲೇ ಕೂತಿತು. ಬೊಮ್ಮಿಯ ಬಲಗೈ ಹಗ್ಗ ಬಿಟ್ಟು ಕಣ್ಣಿಗೆ ಹೋಯ್ತು. ಅವಳು ಬಿಡಬೇಕು ಅಂದ್ಕೊಳ್ಳಲಿಲ್ಲ, ಬಿಡಬಾರದು ಅಂತಲೂ ಅಂದ್ಕೊಳ್ಳಲಿಲ್ಲ. ಅವಳನ್ನ ಯಾರೂ ಕೇಳಲಿಲ್ಲ. ಕೈ ತಾನಾಗೇ ಹೋಯ್ತು. ಹಗ್ಗ ಸರ್ ಅಂತ ಓಡಿತು, ಎಡಗೈಯ ಚರ್ಮ ಎಳಕೊಂಡು ಓಡಿತು. ಆಗ ಅವಳು ಬಲಗೈಯನ್ನ ಮುಖದಿಂದ ಕಿತ್ತು ತಂದು, ಹಗ್ಗದ ಮೇಲೆ ಬಿದ್ದು, ಎರಡೂ ಕೈಲಿ ಹಿಡಿದುಬಿಟ್ಟಳಂತೆ. ಅಂಗೈ ಸುಲಿಯಿತು, ಹಗ್ಗ ನಿಂತಿತು. ಜೇನು ಮುಖವೆಲ್ಲ ಮುತ್ತಿತು, ಅವಳು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು, ಒಡೆದ ಗಂಟಲಲ್ಲಿ ಹಾಡೋಕೆ ಶುರು ಮಾಡಿದಳು, ಕೆಳಗಿನವನಿಗೆ ಹತ್ತಿ ಬರೋ ಧೈರ್ಯ ಬೇಕಲ್ಲ.

ಬಿಡೋಕೆ ಹೋದೋಳು ಯಾಕೆ ಹಿಡಿದಳು ಅಂತೀಯಾ? ನನಗೆ ಈ ಕತೆ ಹೇಳಿದ ಮುದುಕಿಯನ್ನ ನಾನೂ ಅದೇ ಕೇಳಿದೆ. ಬೊಮ್ಮಿಗೇ ಗೊತ್ತಿರಲಿಲ್ಲವಂತೆ, ನನಗೆಲ್ಲಿ ಗೊತ್ತಿರಬೇಕು ಅಂದಳು.

ಜಡಿಯ ಹತ್ತಿ ಬಂದ. ಬಂದವನು ಮೇಲುಹೊದಿಕೆ ತೆಗೆದು ಅಕ್ಕನ ಮುಖ ಮುಚ್ಚಿ ಅವಳನ್ನ ಬಂಡೆಯ ಆ ಬದಿಗೆ, ಗಾಳಿ ಇಲ್ಲದ ಕಡೆಗೆ ಎಳಕೊಂಡು ಹೋದ. ಅಲ್ಲಿ ಕೂತು ಅವಳ ಅಂಗೈ ನೋಡಿದ. ತೊಗಟೆ ಸುಲಿದ ಕೊಂಬೆ ಥರ ಆಗಿತ್ತು. ಬೊಮ್ಮಿ ಊದಿದ ಬಾಯಲ್ಲೇ, ಕೈ ತಾನಾಗೇ ಹೋಯ್ತು ಕಣೋ ಅಂದಳು. ಅವನು ತಲೆ ಬಗ್ಗಿಸಿ, ಆದರೂ ನೀನು ಹಿಡಿದೆ ಅಕ್ಕ ಅಂದ. ಹೌದು ಅಂದಳು ಬೊಮ್ಮಿ. ನೀನು ಹಿಡೀಲಿಲ್ಲ.

ಸುಳ್ಳು ಸಮಾಧಾನ ಹೇಳ್ಕೊಳ್ಳೋ ಜನ ಅಲ್ಲ ಅವರು. ಅವನು ಬಿಟ್ಟಿದ್ದು ನಿಜ, ಕೆಂಚ ಹೋಗಿದ್ದು ನಿಜ, ಅದು ಎಷ್ಟು ಜೇನುಕಾಲ ಕಳೆದರೂ ನಿಜವೇ. ಕೊನೆಗೆ ಬೊಮ್ಮಿ ಅಂದಳಂತೆ, ನಿನ್ನ ಸಾವು ನನ್ನ ಹತ್ತಿರ ಇಟ್ಕೊಂಡು ಇಟ್ಕೊಂಡು ನನಗೆ ಸಾಕಾಯ್ತು. ಇನ್ನು ನನಗದು ಬೇಡ. ನೀನು ಮುದುಕನಾಗು, ಹಲ್ಲು ಬಿದ್ದು ಸಾಯಿ. ನಾನಿನ್ನು ಕರೆಯೋಕೆ ಬರೋದಿಲ್ಲ.

ಇಳಿದು ಬಂದರು. ಕೇತಜ್ಜ ಹಾಡಿ ಬಾಗಿಲಲ್ಲೇ ಕೂತಿದ್ದ, ಇಬ್ಬರೂ ಬರೋದು ನೋಡಿ ಎದ್ದು ನಿಂತ. ಯಾರೂ ಏನೂ ಕೇಳಬಾರದು ಅಂತ ಕಟ್ಟಳೆ, ಆದರೂ ಮುದುಕ ಬಾಯಿ ತಡೀಲಾರದೆ, ಕ್ಷಮಿಸಿದೆಯೇನವ್ವ ಅಂದ. ಅದಕ್ಕೆ ನೀವು ಯಾವ ಹೆಸರು ಬೇಕಾದರೂ ಇಟ್ಕೊಳ್ಳಿ ತಾತ, ಹಗ್ಗದ ನ್ಯಾಯ ಮುಗೀತು, ನನ್ನ ತಮ್ಮನಿಗೆ ಹಳ್ಳದ ಈಚೆ ಜಾಗ ಕೊಡಿ ಅಂದಳಂತೆ. ಅಲ್ಲಿಂದ ಅವಳು ತನ್ನ ಗುಡಿಸಲ ಕಡೆ ಹೋಗಲಿಲ್ಲ. ಬಂಡೆಯ ಬುಡಕ್ಕೆ, ಕೆಂಚ ಬಿದ್ದ ಜಾಗಕ್ಕೆ ಹೊರಟಳು. ಅಷ್ಟು ಕಾಲ ಆ ಕಡೆ ತಿರುಗಿಯೂ ನೋಡಿರಲಿಲ್ಲವಲ್ಲ, ದಾರಿ ಗೊತ್ತಿರಲಿಲ್ಲ. ಜಡಿಯ ಮುಂದೆ ಮುಂದೆ ನಡೆದು ತೋರಿಸಿದ. ಅವನಿಗೆ ಚೆನ್ನಾಗಿ ಗೊತ್ತಿತ್ತು, ಕದ್ದು ಕದ್ದು ದಿನಾ ಬರ್ತಿದ್ದನಂತೆ.

ಏನೂ ಇರಲಿಲ್ಲ ಅಲ್ಲಿ. ಒಂದು ಚಪ್ಪಟೆ ಕಲ್ಲು, ಸುತ್ತ ಹುಲ್ಲು. ಇಬ್ಬರೂ ಕೂತರು. ಆಗ ಬೊಮ್ಮಿ, ಅಷ್ಟು ದಿನ ಕೋಪದಲ್ಲಿ ಒಂದು ಸಲವೂ ಕೇಳದೆ ಇದ್ದ ಮಾತು ಕೇಳಿದಳಂತೆ. ಆವತ್ತು ಇಳಿಯೋ ಮುಂಚೆ ನಿನ್ನ ಭಾವ ಏನಾದರೂ ಅಂದನಾ?

ಅವನ ಕೊನೇ ಮಾತು ಕೇಳಿದವನು ಈ ಭೂಮಿ ಮೇಲೆ ಜಡಿಯ ಒಬ್ಬನೇ ಅಲ್ವಾ, ಬೇರೆ ಯಾರನ್ನ ಕೇಳಬೇಕು?

ಜಡಿಯ ನೆಲ ಕೆರೀತಾ ಹೇಳಿದ. ಅಂದ ಅಕ್ಕ. ಹಗ್ಗಕ್ಕೆ ಕಾಲಿಟ್ಟು ನಕ್ಕ. ನಿಮ್ಮಕ್ಕ ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಾಳೆ ಕಣೋ, ನಾನೂ ಎರಡು ಸಲ ಹಾಕಿಸ್ಕೊಂಡು ಉಂಡೆ, ಅವಳಿಗೆ ಹೇಳಬೇಡ ಅಂದ. ಹೇಳಲ್ಲ ಭಾವ ಅಂದೆ. ಅದಕ್ಕೇ ಇಷ್ಟು ದಿನ ಹೇಳಲಿಲ್ಲ.

ಬೊಮ್ಮಿ ಕೂತಲ್ಲೇ ನೆಟ್ಟಗಾದಳು. ನನ್ನ ಸಾರಿಗೆ ಉಪ್ಪು ಹೆಚ್ಚಾ, ಅಂದಳಂತೆ, ಒಳ್ಳೆ ಜಗಳಕ್ಕೆ ನಿಂತವಳ ಹಾಗೆ. ಅಂದು ನಕ್ಕಳು. ನಕ್ಕವಳಿಗೆ ನಗು ನಿಲ್ಲಲಿಲ್ಲ, ನಗ್ತಾ ನಗ್ತಾನೇ ಅದು ಅಳುವಾಯ್ತು. ಜಡಿಯನೂ ಅತ್ತ. ಅವನಿಗೂ ಭಾವ ಹೋಗಿದ್ದ, ಕೊಂದವನಿಗೆ ಅಳೋ ಹಕ್ಕೆಲ್ಲಿ ಅಂತ ಒಂದು ದಿನವೂ ಅತ್ತಿರಲಿಲ್ಲ. ಸುಲಿದ ಕೈಲಿ ಕಣ್ಣೊರೆಸಿಕೊಳ್ಳೋಕೂ ಆಗದೆ ಬೊಮ್ಮಿ ತಮ್ಮನ ಹೆಗಲಿಗೆ ಮುಖ ಇಟ್ಟು ಅತ್ತಳಂತೆ. ಹಾಡಿಯವರು ಯಾರೋ ಸತ್ತರು ಅಂದ್ಕೊಂಡು ಓಡಿ ಬಂದರು. ಬಂದು ನೋಡಿ, ದೂರದಲ್ಲೇ ನಿಂತರು. ಈರಿಯೂ ಬಂದಳು, ಸೊಂಟದಲ್ಲಿ ಕೂಸು. ಏನು ಎತ್ತ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕೂಸನ್ನ ಕೆಳಗಿಳಿಸಿ, ಅಕ್ಕಯ್ಯನ ಅಂಗೈ ಎತ್ತಿಕೊಂಡು ಊದೋಕೆ ಶುರು ಮಾಡಿದಳಂತೆ.

ಆಮೇಲೆ ಎಲ್ಲರೂ ಹಳ್ಳದ ಈಚೆಗೆ ಬಂದರು, ಎರಡು ಗುಡಿಸಲು ಅಕ್ಕಪಕ್ಕ ಆದವು. ಬೊಮ್ಮಿ ಮತ್ತೆ ಮದುವೆ ಆಗಲಿಲ್ಲ, ಮತ್ತೆ ಪೂರ್ತಿ ಮೊದಲಿನ ಹಾಗೆ ಆಗಲೂ ಇಲ್ಲ. ಜೇನುಕಾಲ ಬಂದರೆ ಒಂದು ದಿನ ಒಲೆ ಹಚ್ಚದೆ ಸುಮ್ಮನೆ ಕೂರೋಳಂತೆ, ಆವತ್ತು ತಮ್ಮ ಬಂದು ಪಕ್ಕದಲ್ಲಿ ಕೂರೋನಂತೆ. ಮಿಕ್ಕ ದಿನ ಕೂಸು ಅವಳ ಬೆನ್ನ ಮೇಲೇ ಬೆಳೀತಂತೆ.

ಏನೇ, ಇನ್ನೂ ಎಚ್ಚರ ಇದ್ದೀಯಾ? ಉಪ್ಪು ನಿಜವಾಗ್ಲೂ ಹೆಚ್ಚಾಗಿತ್ತಾ ಅಂದ್ಯಾ? ಹೆಚ್ಚಾಗಿದ್ದಿರಬೇಕು ಕಣೇ, ಕೆಂಚ ಸುಳ್ಳು ಹೇಳೋನಲ್ಲ. ಅವರು ಅತ್ತು ಮುಗಿಸಿ ಮನೆಗೆ ಹೋದರು, ನಾನು ಹೇಳಿ ಮುಗಿಸಿದೆ, ಇನ್ನು ಕತೆಯಲ್ಲಿ ಯಾರೂ ಎದ್ದಿಲ್ಲ. ನೀನೂ ಮಲಗು.